ಹಳೆ ಸೈಕಲ್ಲಿಗೆ ಹಳೆ ಹ್ಯಾಂಡಲ್ಲೇ ಸರಿ

ಅಪ್ಪನ ಅಟ್ಲಾಸ್ ಸೈಕಲ್ ರಿಪೇರಿಗೆ ತೆಗೆದಾಗ ಕಲಬುರಗಿಯಲ್ಲಿ ಗೆಳೆಯರೆಲ್ಲ ಕೊಟ್ಟ ಸಲಹೆ ಒಂದೇ: ನೆಟ್ಟಗಿನ ಹ್ಯಾಂಡಲ್ ಹಾಕ್ಸು, ಮಡ್‌ಗಾರ್ಡ್ ಕಿತ್ತು ಒಗಿ, ಚಂದ ಕಾಣ್ತದ. ನಾನು ಎರಡಕ್ಕೂ ಒಪ್ಪಲಿಲ್ಲ.

ಹ್ಯಾಂಡಲ್ ಬಿಡದಿರಲು ಕಾರಣ ಬ್ರೇಕು. 28 ಇಂಚಿನ ಗಾಲಿಯ ಈ ಸೈಕಲ್ಲುಗಳಲ್ಲಿ ಬ್ರೇಕಿಗೆ ವೈರ್ ಇಲ್ಲ, ರಾಡ್ ಇದೆ. ಬ್ರೇಕಿನ ಹಿಡಿಕೆ ಹ್ಯಾಂಡಲಿಗೇ ಕೂಡಿಕೊಂಡಿರುತ್ತದೆ, ಒತ್ತಿದರೆ ರಾಡ್ ಮೇಲೆದ್ದು ರಬ್ಬರನ್ನು ರಿಮ್ಮಿನ ಒಳಮೈಗೆ ಎಳೆಯುತ್ತದೆ. ಹ್ಯಾಂಡಲ್ ಬದಲಿಸಿದರೆ ಬ್ರೇಕ್ ಬದಲಿಸಬೇಕು, ಆಮೇಲೆ ರಿಮ್ಮೂ. ಅಷ್ಟಾದ ಮೇಲೆ ಅಪ್ಪನ ಸೈಕಲ್ ಅಂತ ಉಳಿಯೋದೇನು?

ಹ್ಯಾಂಡಲನ್ನು ಸ್ವಲ್ಪ ಎತ್ತರಿಸಬೇಕಿತ್ತು. ಪಂಚರ್ ಅಂಗಡಿ ಕಾಕಾ ಮೊದಲೇ ಹೇಳಿದರು, "ಹ್ಯಾಂಡಲ್ ಎಬ್ಬಿಸಬ್ಯಾಡ್ರಿ, ಮೊದಲ ರಾಡ್ ಸಡಿಲ ಮಾಡ್ರಿ." ಯಾಕಂದ್ರೆ ಹ್ಯಾಂಡಲ್ ಮೇಲೆ ಹೋದರೆ ರಾಡೂ ಜೊತೆಗೇ ಹೋಗಿ ಬ್ರೇಕ್ ಹಿಡಿದುಬಿಡುತ್ತದೆ. ಆಮೇಲೆ ನಡುವಿನ ಬೋಲ್ಟನ್ನು ಎರಡು ಸುತ್ತು ಬಿಚ್ಚಿ, ಮೇಲೆ ಕಟ್ಟಿಗೆ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದರೆ ಹ್ಯಾಂಡಲನ್ನು ಪೈಪಿನೊಳಗೆ ಬಿಗಿ ಹಿಡಿದ ಕೋನ್ ಕೆಳಗಿಳಿದು ಹ್ಯಾಂಡಲ್ ಸಡಿಲಾಗುತ್ತದೆ. ಬೋಲ್ಟನ್ನು ಪೂರ್ತಿ ತೆಗೆಯಬಾರದು. ಎತ್ತಿದರೂ ಎರಡೂವರೆ ಇಂಚಾದರೂ ಪೈಪಿನೊಳಗೆ ಇರಲಿ, ಇಲ್ಲದಿದ್ದರೆ ಹ್ಯಾಂಡಲ್ ಕೈಗೇ ಬರಬಹುದು. ಕೊನೆಗೆ ರಾಡ್ ಹೊಂದಿಸಿ ನಟ್ ಬಿಗಿ. ನಿಕ್ಕಲ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಉಜ್ಜಿದೆ, ಸಾಕಷ್ಟು ಹೋಯಿತು.

ಮಡ್‌ಗಾರ್ಡ್ ಕಥೆ ಬೇರೆ. ನಮ್ಮ ಕಡೆಯ ಎರೆಮಣ್ಣು ಮಳೆಯಲ್ಲಿ ನೆನೆದರೆ ಟೈರಿಗೆ ಅಂಟಿ, ಟೈರು ಮಡ್‌ಗಾರ್ಡಿನ ನಡುವೆ ಗಟ್ಟಿಯಾಗಿ ತುಂಬಿ ಗಾಲಿಯೇ ತಿರುಗುವುದಿಲ್ಲ, ಇಳಿದು ಕಡ್ಡಿ ಹಾಕಿ ರಾಡಿ ಕೆದರುತ್ತಾ ನಿಲ್ಲೋದು, ಹೊಲಕ್ಕೆ ಸೈಕಲ್ ಒಯ್ದವರಿಗೆಲ್ಲ ಗೊತ್ತು. ಅದಕ್ಕೇ ಕೆಲವರು ಕಿತ್ತೇ ಬಿಡುತ್ತಿದ್ದರು. ಆದರೆ ಊರೊಳಗೆ ಅದೇ ರಾಡಿ ಧೋತರಕ್ಕೆ ಸಿಡಿಯುತ್ತದೆ ಅಲ್ವಾ! ಹಾಗಾಗಿ ತೆಗೆಯಲಿಲ್ಲ, ಸಂದು ಮಾತ್ರ ಬೆರಳು ಆಡುವಷ್ಟು ಇಟ್ಟೆ. ಗಡಗಡ ಸದ್ದಿಗೆ ಬೋಲ್ಟಿನಡಿ ಹಳೆ ಟ್ಯೂಬಿನ ತುಂಡು ಸಾಕು. ಹಿಂದಿನ ಮಡ್‌ಗಾರ್ಡಿನ ಬಿಳಿ ಪಟ್ಟಿಗೆ ಹೊಸ ಬಣ್ಣ ಹಚ್ಚಿದೆ, ರಾತ್ರಿ ಹಿಂದೆ ಬರುವವರಿಗೆ ಕಾಣಲಿ ಅಂತಲೇ ಅದಿರೋದು.

ದೀಪ ಹತ್ತಿಸುವ ಡೈನಮೊ ಇನ್ನೂ ಸಿಕ್ಕಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಯಾರ ಹತ್ರ ಆದ್ರೂ ಹಳೇದು ಇದ್ರೆ ತಿಳಿಸಿ, ಟೈರಿಗೆ ಉಜ್ಜಿ ತಿರುಗುವ ಬಾಟಲಿ ಆಕಾರದ್ದೇ ಬೇಕು.