ಮಳೆ ಬಂದರೆ ಪೆಟ್ರೋಲ್ ಏರುತ್ತಿದ್ದ ಕಾರು

ಅಪ್ಪ 1996ರಲ್ಲಿ ತೆಗೆದ ಕಾರು ನಮ್ಮ ಮನೆಯಲ್ಲಿ ಇನ್ನೂ ಉಂಟು. ಕಟಪಾಡಿಯಿಂದ ಮಂಗಳೂರಿಗೆ ವಾರಕ್ಕೆ ಎರಡು ಸಲ ಅದರಲ್ಲೇ ಹೋಗುತ್ತೇನೆ. ಕಳೆದ ಜುಲೈಯಲ್ಲಿ ಅದಕ್ಕೊಂದು ಹೊಸ ಚಾಳಿ ಶುರುವಾಯಿತು. ಮಳೆ ಬಂದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಜಾಸ್ತಿಯಾಗುವುದು!

ಕಾಪು ದಾಟುವಾಗ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ಪಡುಬಿದ್ರಿಯಲ್ಲಿ ಮಳೆ ಹಿಡಿದರೆ ಮೆಲ್ಲನೆ ಏರಿ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಮಳೆ ಬಿಟ್ಟ ಮೇಲೆ ಮತ್ತೆ ಕೆಳಗೆ. "ಟ್ಯಾಂಕಿಗೆ ಮಳೆ ನೀರು ಹೋಗ್ತಾ ಉಂಟು ಮಾರಾಯ" ಎಂದರು ಅಮ್ಮ. ನಾನು ನಕ್ಕೆ. ನೀರು ಹೋಗಿದ್ದರೆ ಗಾಡಿ ಓಡುತ್ತಿತ್ತಾ? ಆಮೇಲೊಂದು ದಿನ ಬೆಳಿಗ್ಗೆಯಿಂದಲೇ ಜಡಿಮಳೆ. ಮುಳ್ಳು ಕಾಲು ಟ್ಯಾಂಕ್ ಹೇಳಿತು, ನಂಬಿ ಹೊರಟೆ. ಮುಲ್ಕಿ ಸೇತುವೆ ಹತ್ತಿರ ಎರಡು ಸಲ ಜರ್ಕ್ ಹೊಡೆದು ಗಾಡಿ ನಿಂತಿತು. ಟ್ಯಾಂಕ್ ಒಣ ಒಣ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಖಾಲಿ ಕ್ಯಾನು. ಆ ನಡಿಗೆಯ ವಿಷಯ ಬಿಡಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಫ್ಯೂಯಲ್ ಮುಳ್ಳು ಸುಳ್ಳು ಹೇಳಿದರೆ ಟ್ಯಾಂಕಿನ ಸೆಂಡರ್ ಹೋಗಿದೆ ಅಂತ ಲೆಕ್ಕ. ಸೆಂಡರ್ ಅಂದರೆ ಟ್ಯಾಂಕಿನೊಳಗೆ ಒಂದು ತೇಲುವ ಬುರುಡೆ, ಅದಕ್ಕೊಂದು ಕೈ, ಕೈ ಆಡಿದ ಹಾಗೆ ರೆಸಿಸ್ಟೆನ್ಸ್ ಬದಲಾಗುತ್ತದೆ. ಗುಜರಿ ಅಂಗಡಿಯಲ್ಲಿ 600 ರೂಪಾಯಿಗೆ ಒಂದು ಹಳೆಯ ಸೆಂಡರ್ ತಂದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಎಲ್ಲ ಬಾಗಿಲು ತೆರೆದಿಟ್ಟು, ಹಿಂದಿನ ಸೀಟು ಎತ್ತಿ ಹಳೆಯದನ್ನು ಹೊರಗೆ ತೆಗೆದೆ. ಈ ಕೆಲಸ ಮಾಡುವವರು ದಯವಿಟ್ಟು ಬೀಡಿ, ಸಿಗರೇಟು ಸೇದುವವರನ್ನು ಅಂಗಳದಿಂದಲೇ ಓಡಿಸಿ. ಮಲ್ಟಿಮೀಟರ್ ಹಿಡಿದು ಬುರುಡೆ ಮೇಲೆತ್ತಿದರೆ ಓಮ್ ಇಳಿಯಿತು, ಇಳಿಸಿದರೆ ಏರಿತು. ನಡುವೆ ಎಲ್ಲೂ ಕಡಿಯಲಿಲ್ಲ. ಅಂದರೆ ನಮ್ಮ ಸೆಂಡರ್ ಗಟ್ಟಿಯಾಗಿಯೇ ಉಂಟು. ತೆಗೆಯುವ ಮೊದಲೇ ವಯರಿನಲ್ಲಿ ಅಳೆದು ನೋಡಬಹುದಿತ್ತು, ಹೊಳೆಯಲಿಲ್ಲ. ಒಂದು ಭಾನುವಾರ ಸುಮ್ನೆ ಹೋಯಿತು.

ಅಷ್ಟರಲ್ಲಿ ಟೆಂಪರೇಚರ್ ಮುಳ್ಳೂ ಮೇಲೆ ಹೋಗತೊಡಗಿತು. ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ಕ್ಲೀನ್ ಮಾಡಿ ಥರ್ಮೋಸ್ಟಾಟ್ ಹಾಕಬೇಕು ಎಂದರು. ಆದರೆ ಬಾನೆಟ್ ತೆರೆದು ನಿಂತರೆ ಇಂಜಿನ್ ಎಂದಿನಂತೆಯೇ ಇತ್ತು. ಕುದಿಯುವ ಸದ್ದಿಲ್ಲ, ಫ್ಯಾನ್ ಕೂಡ ತಿರುಗಲು ಶುರು ಮಾಡಿರಲಿಲ್ಲ. ಆಗ ತಲೆಗೆ ಬಂತು. ಪೆಟ್ರೋಲ್ ಟ್ಯಾಂಕ್ ಹಿಂದೆ, ಇಂಜಿನ್ ಮುಂದೆ. ಎರಡರ ಮುಳ್ಳೂ ಒಟ್ಟಿಗೆ ಏರುವುದಾದರೆ, ಎರಡಕ್ಕೂ ಸಂಬಂಧಪಟ್ಟದ್ದು ಏನು ಉಂಟು?

ರಾತ್ರಿ ಶೆಡ್ಡಿನಲ್ಲಿ ಕುಳಿತು ಕೀ ತಿರುಗಿಸಿದೆ. ಮುಳ್ಳು ಸರಿ ಇತ್ತು. ಮೇಲೆ ಮಾಡು ಉಂಟು, ಮಳೆಯ ಹನಿ ಇಲ್ಲ. ಹೆಡ್‌ಲೈಟ್ ಹಾಕಿದೆ. ಅರ್ಧ ನಿಮಿಷದಲ್ಲಿ ಎರಡೂ ಮುಳ್ಳು ಮೆಲ್ಲನೆ ಮೇಲೆ ಹತ್ತಿದವು. ಲೈಟ್ ಆರಿಸಿದೆ, ಇಳಿದವು. ಮತ್ತೆ ಹಾಕಿದೆ, ಹತ್ತಿದವು. ಜೋರು ಮಳೆಗೆ ನಾನು ಲೈಟ್ ಹಾಕುತ್ತಿದ್ದೆ, ಅಷ್ಟೇ!

ಹಳೆಯ ಕಾರುಗಳ ಇಂಥ ಮೀಟರುಗಳ ಒಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಅದರ ಸುತ್ತ ತೆಳ್ಳಗಿನ ತಂತಿ. ಕರೆಂಟ್ ಹರಿದು ಪಟ್ಟಿ ಬಿಸಿಯಾದರೆ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಅದಕ್ಕೇ ಮುಳ್ಳು ಇಷ್ಟು ನಿಧಾನ. ಬ್ಯಾಟರಿ ಹನ್ನೆರಡೂವರೆ ವೋಲ್ಟ್ ಕೊಟ್ಟರೂ ಇಂಜಿನ್ ಓಡುವಾಗ 14ರ ಹತ್ತಿರ ಹೋಗುತ್ತದೆ, ಮುಳ್ಳು ಹಾಗೆ ಕುಣಿಯಬಾರದು. ಆದ್ದರಿಂದ ಎರಡೂ ಮೀಟರಿಗೆ ಸೇರಿ ಒಂದು ಸ್ಟೆಬಿಲೈಸರ್ ಇಟ್ಟಿರುತ್ತಾರೆ, ಅದು ಸರಾಸರಿ 10 ವೋಲ್ಟ್ ಕೊಡುತ್ತದೆ. ಆ 10ನ್ನು ಅದು ಅಳೆಯುವುದು ತನ್ನ ಅರ್ತಿನಿಂದ, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಹಿಂದೆ ಹೋಗಲು ಬಾಡಿಯ ತಗಡಿಗೆ ಬಿಗಿದ ವಯರಿನಿಂದ. ಅರ್ತ್ ಸಡಿಲವಾದರೆ ಅದರ ಲೆಕ್ಕವೇ ಮೇಲೆ ಜಾರುತ್ತದೆ. ಡ್ಯಾಶ್‌ಬೋರ್ಡಿನ ಪುಟ್ಟ ಬಲ್ಬುಗಳಿಗೂ ಅದೇ ಅರ್ತ್. ಹೆಡ್‌ಲೈಟ್ ಜತೆಗೆ ಅವೂ ಹತ್ತಿದಾಗ ಆ ಕರೆಂಟೆಲ್ಲ ಕೆಟ್ಟ ದಾರಿಯಲ್ಲೇ ಹಿಂದೆ ಹೋಗಬೇಕು. ಟ್ಯಾಂಕಿನ ಸೆಂಡರ್, ಇಂಜಿನ್ನಿನ ಬಿಸಿ ಹೇಳುವ ಸೆಂಡರ್ ಎರಡರ ಅರ್ತ್ ಬೇರೆ ಕಡೆ ಇರುವುದರಿಂದ ಅವು ಆರಾಮ.

ಅನುಮಾನ ಬೇಡ ಅಂತ ಅಳೆದೆ. ಮಲ್ಟಿಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಮೀಟರುಗಳ ಅರ್ತ್ ವಯರಿಗೆ. ಲೈಟ್ ಆರಿದ್ದಾಗ 0.2 ವೋಲ್ಟ್. ಹಾಕಿದಾಗ 2.1! ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು.

ಬ್ಯಾಟರಿ ಕಳಚಿ ಮೀಟರ್ ಪೆಟ್ಟಿಗೆ ಹೊರಗೆಳೆದೆ. ನಾಲ್ಕು ಸ್ಕ್ರೂ, ಎರಡು ಪ್ಲಗ್, ಸ್ಪೀಡೋಮೀಟರ್ ಕೇಬಲ್. ಹಿಂದೆ ಹಾಳೆಯಂಥ ಪ್ಲಾಸ್ಟಿಕ್ಕಿನ ಮೇಲೆ ತಾಮ್ರದ ಗೆರೆಗಳಿರುತ್ತವೆ. ಅವು ಕಪ್ಪಾಗಿದ್ದವು, ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. ಮರಳು ಕಾಗದ ಹಾಕಬೇಡಿ, ಗೆರೆಯೇ ಎದ್ದು ಬರುತ್ತದೆ. ಆದರೆ ಕಳ್ಳ ಇದ್ದದ್ದು ಬೇರೆ ಕಡೆ. ಕಪ್ಪು ವಯರನ್ನು ಹಿಡಿದು ಬೆರಳಿನಲ್ಲಿ ತಡವುತ್ತಾ ಹೋದರೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಗಾಜಿನ ಮೂಲೆಗೆ ಸರಿಯಾಗಿ ಕೆಳಗೆ, ಒಂದು ಬೋಲ್ಟ್. ಅದರ ಸುತ್ತ ಹಸಿರು ಕಿಲುಬು, ಕೆಳಗೆ ತುಕ್ಕು. ಮುಟ್ಟಿದರೆ ಒದ್ದೆ. ಮುಂದಿನ ಗಾಜಿನ ರಬ್ಬರ್ ಬಿರುಕು ಬಿಟ್ಟು ಮಳೆ ನೀರು ಗೆರೆ ಹಿಡಿದು ಸೀದಾ ಬೋಲ್ಟಿನ ಮೇಲೆ ಇಳಿಯುತ್ತಿತ್ತು. ನಮ್ಮ ಕಡಲ ಗಾಳಿಯ ಉಪ್ಪೂ ಅದಕ್ಕೆ ಸೇರಿತ್ತು. ಅಮ್ಮನಿಗೆ ಹೇಳಿದೆ. "ನಾನು ಮೊದಲೇ ಮಳೆ ನೀರು ಅನ್ಲಿಲ್ವಾ?" ಎಂದರು. ಟ್ಯಾಂಕಿಗೆ ಅಂದಿದ್ದಿರಲ್ಲ ಅಂತ ವಾದಿಸುವ ಧೈರ್ಯ ಬರಲಿಲ್ಲ.

ಬಾಡಿಯ ತಗಡನ್ನು ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿದೆ. ವಯರಿನ ತುದಿಗೆ ಹೊಸ ರಿಂಗ್ ಹಾಕಿ ಬೋಲ್ಟ್ ಬಿಗಿದು ಮೇಲೆ ವ್ಯಾಸಲಿನ್ ಬಳಿದೆ. ಬಿಚ್ಚಿದ ಮೇಲೆ ಸುಮ್ಮನಿರುವುದೇಕೆ ಅಂತ ಸ್ಪೀಡೋಮೀಟರ್ ಕೇಬಲ್ಲಿನ ಒಳಗಿನ ಎಳೆಯನ್ನೂ ಎಳೆದು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ಸವರಿದೆ. ಮೇಲಿನ ಒಂದು ಗೇಣು ಬಿಟ್ಟು, ಇಲ್ಲದಿದ್ದರೆ ಗ್ರೀಸ್ ಮೀಟರಿನೊಳಗೆ ಹತ್ತುತ್ತದೆ. 40ರಲ್ಲಿ ನಡುಗುತ್ತಿದ್ದ ಮುಳ್ಳು ಈಗ ನಿಂತಿದೆ.

ಲೈಟ್ ಹಾಕಿ ಅಳೆದರೆ 0.04 ವೋಲ್ಟ್. ಗಾಜಿನ ರಬ್ಬರ್ ಬದಲಿಸಲು ಮಾತ್ರ ಕೆಲಸದವರೇ ಬೇಕಾಯಿತು, ಗಾಜು ಒಡೆಯುವ ಹೆದರಿಕೆ. ಆಗಸ್ಟಿನಲ್ಲಿ ಸುರತ್ಕಲ್‌ನಿಂದ ಕಾಪುವಿನ ತನಕ ಕಣ್ಣು ಕಾಣದ ಮಳೆ ಸಿಕ್ಕಿತು. ಲೈಟ್, ವೈಪರ್ ಎಲ್ಲ ಹಾಕಿಕೊಂಡೇ ಬಂದೆ. ಟೆಂಪರೇಚರ್ ನಡುವಿನಲ್ಲಿತ್ತು, ಪೆಟ್ರೋಲ್ ಕಾಲಿಗಿಂತ ಒಂದು ಕೂದಲು ಕೆಳಗೆ. ಪಡುಬಿದ್ರಿಯಲ್ಲೇ ಬಂಕಿಗೆ ತಿರುಗಿಸಿದೆ. 600 ರೂಪಾಯಿಯ ಸೆಂಡರ್ ಅಟ್ಟದಲ್ಲಿ ಉಂಟು.