ಸಿಯಾಟಲ್ ಕಡೆ ಹೊಸದಾಗಿ ಬಂದಿರೋ ಕನ್ನಡದವರಿಗೆ: ಲೈಬ್ರರಿಗಳಲ್ಲಿ ಫ್ರೀಯಾಗಿ ನಡೆಯೋ ಲೇಖಕರ ಮಾತುಕತೆಗಳ ಬಗ್ಗೆ

ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆ ಬಂದಿಳಿದೋರಿಗೆ ಮನೆ ಎಲ್ಲಿ ನೋಡ್ಬೇಕು, ಸ್ಕೂಲ್ ಯಾವ್ದು ಚೆನ್ನಾಗಿದೆ, ಸೋನಾಮಸೂರಿ ಎಲ್ಲಿ ಸಿಗುತ್ತೆ ಅಂತ ಹೇಳೋಕೆ ತುಂಬಾ ಜನ ಇದಾರೆ. ಲೈಬ್ರರಿಲಿ ಲೇಖಕರು ಬಂದು ಮಾತಾಡ್ತಾರೆ, ದುಡ್ಡು ಕೊಡೋದು ಬೇಡ, ಬನ್ನಿ ಹೋಗೋಣ ಅಂತ ಕರ್ಕೊಂಡು ಹೋಗೋರು ಕಮ್ಮಿ, ಅದಕ್ಕೇ ಇದನ್ನ ಬರೀತಿದೀನಿ. ಮುಖ್ಯವಾಗಿ ಗಂಡನ ಅಥವಾ ಹೆಂಡತಿಯ ಕೆಲಸದ ಮೇಲೆ ಡಿಪೆಂಡೆಂಟ್ ವೀಸಾದಲ್ಲಿ ಬಂದು ಇಡೀ ದಿನ ಅಪಾರ್ಟ್‌ಮೆಂಟಲ್ಲೇ ಇರೋರು, ಆರು ತಿಂಗಳಿಗೆ ಅಂತ ಬಂದಿರೋ ಅಪ್ಪ ಅಮ್ಮ, ಊರಲ್ಲಿ ಓದೋ ಅಭ್ಯಾಸ ಇದ್ದು ಇಲ್ಲಿ ಬಂದ್ಮೇಲೆ ಬಿಟ್ಟುಹೋದೋರು, ನೀವೆಲ್ಲ ಓದಿ.

ಮೊದಲು ಒಂದು ವಿಷಯ ಗೊತ್ತಿರಲಿ, ಇಲ್ಲಿ ಎರಡು ಬೇರೆ ಬೇರೆ ಲೈಬ್ರರಿ ವ್ಯವಸ್ಥೆ ಇದೆ. ಸಿಯಾಟಲ್ ಊರೊಳಗೆ ಇರೋದು ಸಿಯಾಟಲ್ ಪಬ್ಲಿಕ್ ಲೈಬ್ರರಿ, ಸೆಂಟ್ರಲ್ ಲೈಬ್ರರಿ ಸೇರಿ 27 ಕಡೆ ಇದೆ. ಬೆಲ್‌ವ್ಯೂ, ರೆಡ್ಮಂಡ್, ಕರ್ಕ್‌ಲ್ಯಾಂಡ್, ಇಸಕ್ವಾ ಎಲ್ಲ ಕಿಂಗ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಲೈಬ್ರರಿ ಸಿಸ್ಟಮ್‌ಗೆ ಸೇರಿದ್ದು, ಅದಕ್ಕೆ ಸುಮಾರು 50 ಶಾಖೆ, ಕ್ರಾಸ್‌ರೋಡ್ಸ್ ಮಾಲ್ ಒಳಗೇ ಒಂದಿದೆ, ತರಕಾರಿ ತರೋಕೆ ಹೋದಾಗ ಹಂಗೇ ಹೊಕ್ಕು ಬರಬಹುದು. ಕೌಂಟಿಲಿ ವಾಸ ಇರೋರಿಗೆ ಎರಡರ ಕಾರ್ಡೂ ಫ್ರೀಯಾಗೇ ಸಿಗುತ್ತೆ, ಪಾಸ್‌ಪೋರ್ಟ್ ಮತ್ತೆ ಮನೆಯ ಲೀಸ್ ಥರ ಅಡ್ರೆಸ್ ಇರೋ ಒಂದು ಪೇಪರ್ ಹಿಡ್ಕೊಂಡು ಹೋಗಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ ಅಂತ ಹಿಂಜರಿಯೋದು ಬೇಡ. ಲೇಖಕರ ಮಾತುಕತೆಗಂತೂ ಕಾರ್ಡೂ ಬೇಡ, ಯಾರು ಬೇಕಾದ್ರೂ ಹೋಗಿ ಕೂತ್ಕೋಬಹುದು.

ಫ್ರೀ ಅಂದ್ರೆ ಏನೋ ಧರ್ಮಕ್ಕೆ ಕೊಡ್ತಿದಾರೆ ಅನ್ನೋ ಮುಜುಗರ ನಮ್ಮಲ್ಲಿ ಕೆಲವರಿಗೆ ಇರುತ್ತೆ, ಅದನ್ನ ಬಿಟ್ಬಿಡಿ. ಕಿಂಗ್ ಕೌಂಟಿ ಲೈಬ್ರರಿ ನಡೆಯೋದೇ ಹೆಚ್ಚಾಗಿ ಪ್ರಾಪರ್ಟಿ ಟ್ಯಾಕ್ಸಿಂದ, ನೀವು ತಿಂಗಳು ತಿಂಗಳು ಕಟ್ಟೋ ಬಾಡಿಗೆಲಿ ಓನರ್ ಕಟ್ಟೋ ಆ ಟ್ಯಾಕ್ಸೂ ಸೇರಿರುತ್ತೆ. ನಮ್ಮ ಕರ್ನಾಟಕದಲ್ಲೂ 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ಶೇಕಡಾ 6 ವಸೂಲಿ ಮಾಡ್ತಾರಲ್ಲ, ಅದೇ ಲೆಕ್ಕ. ಬಂದ ಮೊದಲನೇ ತಿಂಗಳಿಂದಾನೇ ಇದು ನಿಮ್ಮ ಲೈಬ್ರರಿ.

ಸರಿ, ಅಲ್ಲಿ ಏನು ನಡೆಯುತ್ತೆ? ನಮ್ಮೂರಿನ ಪುಸ್ತಕ ಬಿಡುಗಡೆ ಸಮಾರಂಭ ತಲೇಲಿಟ್ಕೊಂಡು ಹೋಗ್ಬೇಡಿ. ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಅಧ್ಯಕ್ಷರ ಭಾಷಣ ಯಾವುದೂ ಇರಲ್ಲ. ವೇದಿಕೆ ಮೇಲೆ ಎರಡು ಕುರ್ಚಿ, ಒಬ್ರು ಲೇಖಕರು, ಇನ್ನೊಬ್ರು ಅವರ ಜೊತೆ ಮಾತಾಡೋರು. ಶುರುವಲ್ಲಿ ಲೈಬ್ರರಿಯವರು ಬಂದು ಇದು ಕೋಸ್ಟ್ ಸೇಲಿಷ್ ಮೂಲನಿವಾಸಿಗಳ ನೆಲ ಅಂತ ಎರಡು ಮಾತು ಹೇಳ್ತಾರೆ, ಹೊಸಬರಿಗೆ ಇದೇನು ಅನ್ಸಬಹುದು, ಇಲ್ಲಿ ಅದು ರೂಢಿ. ಆಮೇಲೆ ಲೇಖಕರು ಪುಸ್ತಕದಿಂದ ಸ್ವಲ್ಪ ಓದ್ತಾರೆ, ಮಾತುಕತೆ ನಡೆಯುತ್ತೆ, ಕೊನೇಲಿ ಸಭಿಕರ ಪ್ರಶ್ನೆ, ಅದಾದ್ಮೇಲೆ ಸಹಿ ಹಾಕ್ಸೋ ಸಾಲು. ಎಲ್ಲಾ ಸೇರಿ ಒಂದು ಒಂದೂವರೆ ಗಂಟೆ. ಆರು ಗಂಟೆ ಅಂದ್ರೆ ಆರಕ್ಕೇ ಶುರು.

ಪುಸ್ತಕ ಓದಿರಲೇಬೇಕಾ ಅಂತ ತುಂಬಾ ಜನ ಕೇಳ್ತಾರೆ. ಬೇಡ. ಬಂದಿರೋರಲ್ಲಿ ಎಷ್ಟೋ ಜನ ಓದಿರಲ್ಲ, ಕೇಳಿ ಇಷ್ಟ ಆದ್ರೆ ಓದೋಣ ಅಂತಾನೇ ಬಂದಿರ್ತಾರೆ. ಆದ್ರೆ ಒಂದು ಕಿವಿಮಾತು, ಮೊದಲನೇ ಅಧ್ಯಾಯ ಆದ್ರೂ ಓದ್ಕೊಂಡು ಹೋದ್ರೆ ಇಲ್ಲಿಯವರ ಇಂಗ್ಲಿಷ್ ಕಿವಿಗೆ ಸಲೀಸಾಗುತ್ತೆ, ಪಾತ್ರಗಳ ಹೆಸರು ಗೊತ್ತಿದ್ರೆ ಅರ್ಧ ಕೆಲಸ ಆದಂಗೆ. ಕಾರ್ಯಕ್ರಮ ಗೊತ್ತಾದ ತಕ್ಷಣ ಆ ಪುಸ್ತಕಕ್ಕೆ ಹೋಲ್ಡ್ (ನಮ್ಮ ಸರದಿ ಬಂದಾಗ ಕೊಡಿ ಅಂತ ಕಾಯ್ದಿರಿಸೋದು) ಹಾಕೋರ ಸಾಲು ಉದ್ದ ಆಗ್ಬಿಡುತ್ತೆ, ಲೈಬ್ರರಿಯ ಇ-ಪುಸ್ತಕ ಫೋನಲ್ಲೇ ಓದೋ ಲಿಬ್ಬಿ ಆ್ಯಪಲ್ಲೂ ಅದೇ ಕಥೆ, ಹಂಗಾಗಿ ಬೇಗ ಹಾಕಿ. ಸಿಯಾಟಲ್ ಲೈಬ್ರರಿಲಿ ಪೀಕ್ ಪಿಕ್ಸ್ ಅಂತ ಒಂದು ಶೆಲ್ಫ್ ಇರುತ್ತೆ, ಎಲ್ಲರೂ ಕೇಳೋ ಹೊಸ ಪುಸ್ತಕಗಳು ಅಲ್ಲಿರುತ್ವೆ, ಅದಕ್ಕೆ ಹೋಲ್ಡ್ ಇಲ್ಲ, ಕಂಡೋರು ಎತ್ಕೊಂಡು ಹೋಗಬಹುದು, ಎರಡು ವಾರದಲ್ಲಿ ವಾಪಸ್ ಕೊಡ್ಬೇಕು. ಇನ್ನು ಸಿಯಾಟಲ್ ಲೈಬ್ರರಿಯವರು ಹಿಂದಿನ ಎಷ್ಟೋ ಮಾತುಕತೆಗಳನ್ನ ಪಾಡ್‌ಕಾಸ್ಟ್ ಮಾಡಿ ಹಾಕಿದಾರೆ, ಹೋಗೋಕೆ ಮುಂಚೆ ಅಡುಗೆ ಮಾಡ್ತಾ ಒಂದೆರಡು ಕೇಳಿ, ಧೈರ್ಯ ಬರುತ್ತೆ.

ಈ ಊರಿಗೂ ಓದಿಗೂ ಹಳೇ ನಂಟು. ಇಡೀ ಊರು ಒಂದೇ ಪುಸ್ತಕ ಓದಿದ್ರೆ ಹೆಂಗಿರುತ್ತೆ ಅಂತ 1998ರಲ್ಲಿ ನ್ಯಾನ್ಸಿ ಪರ್ಲ್ ಅನ್ನೋ ಲೈಬ್ರೇರಿಯನ್ ಇಲ್ಲೇ ಶುರು ಮಾಡಿದ್ದು, ಆಮೇಲೆ ಅಮೆರಿಕದ ಎಷ್ಟೋ ಊರುಗಳು ಅದನ್ನ ಅನುಸರಿಸಿದ್ವು. ಈಗ ಅದು ಸಿಯಾಟಲ್ ರೀಡ್ಸ್, ಒಂದು ಪುಸ್ತಕ ಆರಿಸಿ, ಓದುಗರ ಗುಂಪುಗಳಲ್ಲಿ ಚರ್ಚೆ ನಡೆಸಿ, ಲೇಖಕರನ್ನೂ ಊರಿಗೆ ಕರೆಸ್ತಾರೆ. 2007ರಲ್ಲಿ ಆರಿಸಿದ್ದು ಜುಂಪಾ ಲಾಹಿರಿಯವರ 'ದ ನೇಮ್‌ಸೇಕ್', ನಮ್ಮ ಹಾಗೆ ಬಂದು ನೆಲೆಸಿದ ಬಂಗಾಳಿ ಕುಟುಂಬದ ಕಥೆ. ಆ ಕಥೆಯನ್ನ ಊರಿನ ಬೇರೆ ಬೇರೆ ಥರದ ಜನ ಒಟ್ಟಿಗೆ ಕೂತು ಓದಿದಾರೆ ಅನ್ನೋದು ನನಗೆ ತುಂಬಾ ದೊಡ್ಡ ವಿಷಯ. 2017ರಲ್ಲಿ ಯುನೆಸ್ಕೋ ಸಿಯಾಟಲ್‌ಗೆ ಸಾಹಿತ್ಯದ ನಗರ ಅಂತ ಮಾನ್ಯತೆ ಕೊಡ್ತು.

ಸೆಂಟ್ರಲ್ ಲೈಬ್ರರಿಗೆ ಹೋಗೋರಿಗೆ ಒಂದು ಸೂಚನೆ. ಡೌನ್‌ಟೌನ್ ಗುಡ್ಡದ ಮೇಲಿದೆ, ಹಂಗಾಗಿ ಫಿಫ್ತ್ ಅವೆನ್ಯೂ ಕಡೆಯಿಂದ ಒಳಗೆ ಹೋದ್ರೆ ನೀವು ಇರೋದು ಮೂರನೇ ಮಹಡಿ, ಫೋರ್ತ್ ಅವೆನ್ಯೂ ಕಡೆಯಿಂದ ಹೋದ್ರೆ ಒಂದನೇದು. ದೊಡ್ಡ ಆಡಿಟೋರಿಯಂ ಇರೋದು ಒಂದರಲ್ಲಿ. ಸ್ವಲ್ಪ ಬೇಗ ಹೋಗಿ, ಅದೇ ಮಹಡಿಲಿ 11 ಭಾಷೆಗಳ ಸಾಲುಗಳನ್ನ ತಿರುವುಮುರುವಾಗಿ ಕೆತ್ತಿರೋ ಮರದ ನೆಲ ಇದೆ, ಮಕ್ಕಳಿಗೆ ತೋರಿಸಿ. ಕಾರಿಗೆ ಪಾರ್ಕಿಂಗ್ ದುಡ್ಡು ಕೊಡ್ಬೇಕು, ಲೈಟ್ ರೈಲಲ್ಲಿ ಬಂದ್ರೆ ಸಿಂಫನಿ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೀಬೇಕು, ಏರು ಇದೆ, ಮಂಡಿ ನೋವಿರೋ ಅಪ್ಪ ಅಮ್ಮನಿಗೆ ಕಷ್ಟ ಆಗಬಹುದು. 18 ವರ್ಷದ ತನಕ ಮಕ್ಕಳಿಗೆ ಬಸ್ಸು ರೈಲು ಎರಡೂ ಫ್ರೀ. ನವೆಂಬರ್ ಡಿಸೆಂಬರಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತೆ, ಮೇಲಿಂದ ಮಳೆ, ಮನೇಲೇ ಇರೋಣ ಅನ್ಸುತ್ತೆ. ಮನಸ್ಸು ಕುಗ್ಗೋದೂ ಆ ತಿಂಗಳುಗಳಲ್ಲೇ, ದಯವಿಟ್ಟು ಅವಾಗ್ಲೇ ಹೋಗಿ. ಅಷ್ಟು ದೂರ ಆಗಲ್ಲ ಅನ್ನೋರು ಮನೆ ಹತ್ರದ ಕೌಂಟಿ ಶಾಖೆಲಿ ನಡೆಯೋದಕ್ಕೆ ಹೋಗಿ, ಸಣ್ಣ ರೂಮು, ಕಡಿಮೆ ಜನ, ಲೇಖಕರ ಹತ್ರ ನಿಂತು ಮಾತಾಡೋಕೂ ಸಿಗುತ್ತೆ. ನನಗೆ ಇವೇ ಹೆಚ್ಚು ಇಷ್ಟ.

ಲೈಬ್ರರಿ ವೆಬ್‌ಸೈಟಲ್ಲಿರೋ ಕಾರ್ಯಕ್ರಮಗಳ ಕ್ಯಾಲೆಂಡರ್ ನೋಡುವಾಗ ರಿಜಿಸ್ಟ್ರೇಷನ್ ಬೇಕಾ ಅಂತ ನೋಡಿ, ಬೇಕಂದ್ರೆ ಅದೂ ಫ್ರೀಯೇ, ಆದ್ರೆ ಸೀಟು ಬೇಗ ತುಂಬುತ್ತೆ, ಹೋಗೋಕಾಗಲ್ಲ ಅಂದ್ರೆ ಕ್ಯಾನ್ಸಲ್ ಮಾಡಿ, ಇನ್ನೊಬ್ರಿಗೆ ಸಿಗಲಿ. ಸಿಯಾಟಲ್ ಆರ್ಟ್ಸ್ ಅಂಡ್ ಲೆಕ್ಚರ್ಸ್, ಟೌನ್ ಹಾಲ್ ಸಿಯಾಟಲ್ ಇವೆಲ್ಲ ಬೇರೆ ಸಂಸ್ಥೆಗಳು, ಅಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುತ್ತೆ, ಲೈಬ್ರರಿದು ಅಂದ್ಕೊಂಡು ಹೋಗ್ಬೇಡಿ. ಬಾಗಿಲ ಹತ್ರ ಪುಸ್ತಕದ ಅಂಗಡಿಯವರು ಟೇಬಲ್ ಹಾಕಿರ್ತಾರೆ, ಕೊಳ್ಳಲೇಬೇಕು ಅಂತೇನಿಲ್ಲ, ಕೊಂಡ್ರೆ ಸಹಿ ಹಾಕ್ಸುವಾಗ ನಿಮ್ಮ ಹೆಸರನ್ನ ಚೀಟಿಲಿ ಇಂಗ್ಲಿಷಲ್ಲಿ ಬರೆದು ಪುಟಕ್ಕೆ ಅಂಟಿಸಿ ಕೊಡಿ, ನಮ್ಮ ಹೆಸರುಗಳ ಸ್ಪೆಲ್ಲಿಂಗ್ ಅವರಿಗೆ ಕಷ್ಟ.

ಪ್ರಶ್ನೆ ಕೇಳಿ. ಒಂದೇ ಕೇಳಿ, ಚಿಕ್ಕದಾಗಿ ಕೇಳಿ, ಆದ್ರೆ ಕೇಳಿ. ನಮ್ಮ ಉಚ್ಚಾರಣೆ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಪುಸ್ತಕದ ಬಗ್ಗೆ ಆಸಕ್ತಿ ಇದ್ಯಾ ಅಷ್ಟೇ ನೋಡ್ತಾರೆ. ಪಕ್ಕದ ಕುರ್ಚಿಲಿ ಕೂತಿರೋ ವಯಸ್ಸಾದ ಅಮೆರಿಕನ್ ಹೆಂಗಸರು ತಾವಾಗೇ ಮಾತಾಡಿಸ್ತಾರೆ, ನೀವೇನು ಓದ್ತೀರಾ ಅಂತ ಕೇಳ್ತಾರೆ. ಆಗ ಕನ್ನಡದ ಬಗ್ಗೆ ಹೇಳಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಸ್ತಿ ಅವರ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದ್ಮೇಲೆ ಕನ್ನಡ ಅನ್ನೋ ಹೆಸರು ಇಲ್ಲಿಯ ಓದುಗರ ಕಿವಿಗೂ ಬಿದ್ದಿದೆ, ಮಾತು ಶುರು ಮಾಡೋಕೆ ಅದು ಸಾಕು.

ಲೈಬ್ರರಿಲಿ ಇಲ್ಲದ ಪುಸ್ತಕ ತರಿಸಿ ಅಂತ ಕೇಳೋಕೂ ವ್ಯವಸ್ಥೆ ಇದೆ, ಕಾರ್ಡ್ ಇದ್ರೆ ಆನ್‌ಲೈನಲ್ಲೇ ಫಾರ್ಮ್ ತುಂಬಬಹುದು. ಕನ್ನಡದಿಂದ ಇಂಗ್ಲಿಷಿಗೆ ಬಂದಿರೋ ಪುಸ್ತಕಗಳ ಹೆಸರು, ಪ್ರಕಾಶಕರು, ಐಎಸ್‌ಬಿಎನ್ ಸರಿಯಾಗಿ ಬರೆದು ಕಳಿಸಿ, ಗುರುತಿನವರಿಗೂ ಕಳಿಸೋಕೆ ಹೇಳಿ, ಒಬ್ರು ಕೇಳೋದಕ್ಕೂ ಇಪ್ಪತ್ತು ಜನ ಕೇಳೋದಕ್ಕೂ ವ್ಯತ್ಯಾಸ ಇದೆ. ನಮ್ಮ ಲೇಖಕರೋ ಅನುವಾದಕರೋ ಅಮೆರಿಕಕ್ಕೆ ಬರ್ತಿದಾರೆ ಅಂತ ಗೊತ್ತಾದ್ರೆ ಐದಾರು ತಿಂಗಳು ಮುಂಚೆನೇ ನಿಮ್ಮ ಶಾಖೆಯ ಲೈಬ್ರೇರಿಯನ್‌ಗೆ ತಿಳಿಸಿ, ಕೊನೇ ಗಳಿಗೇಲಿ ಹೇಳಿದ್ರೆ ಅವರಿಗೆ ರೂಮು, ದಿನ ಹೊಂದಿಸೋಕಾಗಲ್ಲ.