ಕತ್ತೆತ್ತಿದ ಹಕ್ಕಿಗಳ ಲೆಕ್ಕ

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ನಡಿಗೆಗೆ ಬರುವವರು ಒಂದು ಮಾತು ಹೇಳುತ್ತಲೇ ಇರುತ್ತಾರೆ: "ಇಷ್ಟು ಜನ ಓಡಾಡಿದರೂ ಹಕ್ಕಿಗಳು ಆರಾಮವಾಗಿಯೇ ಇವೆಯಲ್ಲ." ಹಾರಿಹೋಗದ ಹಕ್ಕಿಗೆ ತೊಂದರೆಯೇ ಆಗಿಲ್ಲವೆನ್ನುವ ಈ ನಂಬಿಕೆಯನ್ನು ಪರೀಕ್ಷಿಸಬೇಕೆಂದೇ ನಾನು ನೋಟ್‌ಬುಕ್ ಹಿಡಿದು ಕುಳಿತೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಈ ಕೆರೆಯನ್ನು ಈಗ ಊರು ನಾಲ್ಕೂ ಕಡೆಯಿಂದ ಸುತ್ತಿಕೊಂಡಿದೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ಬಕಗಳ ಗೂಡುಗಳಿವೆ. ಕೆಳಗೆ ನೀರಿನಲ್ಲಿ ನಾಮದ ಕೋಳಿ, ವರಟೆ ಎಂಬ ಕಾಡುಬಾತು, ಮುಳುಗೇಳುವ ಪುಟ್ಟ ಗುಳುಮುಳುಕ. ದಡದ ಕೆಸರಿನಲ್ಲಿ ಚಳಿಗಾಲಕ್ಕೆ ಬರುವ ಗದ್ದೆಗೊರವ.

ಬೈನಾಕ್ಯುಲರ್ ಮತ್ತು ಕೈಗಡಿಯಾರ ಬಿಟ್ಟರೆ ನನಗೆ ಬೇರೆ ಸಲಕರಣೆ ಬೇಕಾಗಲಿಲ್ಲ. ಹಾದಿ ಮತ್ತು ನೀರಿನ ನಡುವೆ ದಟ್ಟ ಪೊದೆಯಿರುವ ಒಂದು ಜಾಗ, ಏನೂ ಮರೆಯಿಲ್ಲದ ಇನ್ನೊಂದು ಜಾಗ ಆರಿಸಿಕೊಂಡೆ. ಹಾದಿಯ ಮರಗಳ ನಡುವಿನ ಅಂತರವನ್ನು ಮೊದಲೇ ಹೆಜ್ಜೆಯಲ್ಲಿ ಅಳೆದಿಟ್ಟುಕೊಂಡದ್ದರಿಂದ ಮನುಷ್ಯ ಎಷ್ಟು ದೂರದಲ್ಲಿದ್ದಾನೆಂದು ಕುಳಿತಲ್ಲಿಂದಲೇ ತಿಳಿಯುತ್ತಿತ್ತು. ಗುಂಪನ್ನು ಎಡದಿಂದ ಬಲಕ್ಕೆ ನೋಡುತ್ತಾ ಮೇಯುತ್ತಿರುವವು ಎಷ್ಟು, ಕತ್ತೆತ್ತಿ ನಿಂತವು ಎಷ್ಟು ಎಂದು ಬರೆಯುವುದು. ಕೆಲವು ನಿಮಿಷ ಬಿಟ್ಟು ಮತ್ತೆ ಅದನ್ನೇ ಮಾಡುವುದು. ಯಾರಾದರೂ ಹತ್ತಿರ ಬಂದರೆ ಎರಡು ದೂರಗಳನ್ನು ಬೇರೆಬೇರೆಯಾಗಿ ದಾಖಲಿಸುತ್ತಿದ್ದೆ. ಮನುಷ್ಯ ಎಷ್ಟು ದೂರದಲ್ಲಿದ್ದಾಗ ಹಕ್ಕಿ ಕತ್ತೆತ್ತಿತೋ ಅದು ಎಚ್ಚರದ ದೂರ, ಎಷ್ಟು ದೂರದಲ್ಲಿದ್ದಾಗ ರೆಕ್ಕೆ ಬಿಚ್ಚಿತೋ ಅದು ಹಾರುವ ದೂರ. ಈ ಎರಡರ ನಡುವೆ ಹಕ್ಕಿ ಹಾರುವುದೂ ಇಲ್ಲ, ತಿನ್ನುವುದೂ ಇಲ್ಲ. ನಾವು ಆರಾಮ ಎಂದುಕೊಳ್ಳುವುದು ಇದನ್ನೇ.

ಒಂದೇ ವೇಗದಲ್ಲಿ ಹಾದಿಯಲ್ಲಿ ನಡೆದುಹೋಗುವವರನ್ನು ವರಟೆಗಳು ಹೆಚ್ಚು ಗಮನಿಸುವುದಿಲ್ಲ. ಅದೇ ವ್ಯಕ್ತಿ ನಿಂತು, ನೀರಿನ ಕಡೆ ತಿರುಗಿ, ಎರಡು ಹೆಜ್ಜೆ ಇಳಿದರೆ ಸಾಕು, ಗುಂಪಿನ ಕತ್ತುಗಳೆಲ್ಲ ಮೇಲೇಳುತ್ತವೆ. ಹಾದಿ ಬಿಟ್ಟಿಳಿದು ಕ್ಯಾಮೆರಾ ಹಿಡಿದು ಬಗ್ಗಿ ಸಾಗುವವರು ಹಕ್ಕಿಗೆ ಹೊಂಚು ಹಾಕುವ ಪ್ರಾಣಿಯಂತೆಯೇ ಕಾಣುತ್ತಾರೆ. ನಾಯಿ ಬಂದರಂತೂ ಟಿಟ್ಟಿಭ ಕೂಗಿಕೊಳ್ಳುತ್ತದೆ, ಇಡೀ ದಡ ಖಾಲಿಯಾಗುತ್ತದೆ. ಪೊದೆ ಇರುವ ಕಡೆ ಇದೆಲ್ಲ ಎಷ್ಟೋ ಕಡಿಮೆ. ದಡದ ಜೊಂಡು, ಮುಳ್ಳುಪೊದೆಗಳನ್ನು ಕಸವೆಂದು ನೋಡುವವರಿಗೆ ನನ್ನ ಪುಟಗಳನ್ನು ತೆರೆದು ತೋರಿಸುತ್ತೇನೆ.

ಹಾರಿದರೇನಾಯಿತು, ಮತ್ತೆ ಬರುತ್ತದಲ್ಲ ಎನ್ನಬಹುದು. ನಾಮದ ಕೋಳಿ ಏಳುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ನಿಂತಲ್ಲಿಂದ ಅದು ಹಾರಲಾರದು. ರೆಕ್ಕೆ ಬಡಿಯುತ್ತಾ ನೀರಿನ ಮೇಲೆ ಕಾಲಲ್ಲಿ ಪಟಪಟನೆ ದೂರ ಓಡಿ ಆಮೇಲೆ ಮೇಲೇಳುತ್ತದೆ. ಪ್ರತಿ ಸಲವೂ ಅಷ್ಟು ಶಕ್ತಿ ವ್ಯರ್ಥ. ಗುಳುಮುಳುಕ ತೇಲುವ ಗೂಡಿನಿಂದ ಇಳಿಯುವ ಮುನ್ನ ಕೊಕ್ಕಿನಿಂದ ಜೊಂಡು, ಕಳೆಗಳನ್ನೆಳೆದು ಮೊಟ್ಟೆಗಳನ್ನು ಮುಚ್ಚುತ್ತದೆ. ಒಮ್ಮೆಲೇ ಬೆದರಿಸಿದರೆ ಮುಚ್ಚಲು ಪುರುಸೊತ್ತಿಲ್ಲ, ಬಿಳಿ ಮೊಟ್ಟೆಗಳು ಕಾಗೆಯ ಕಣ್ಣೆದುರಿಗೇ ಉಳಿಯುತ್ತವೆ. ಹೆಜ್ಜಾರ್ಲೆಯ ಕಥೆ ಇನ್ನೂ ಕಷ್ಟದ್ದು. ಆಗತಾನೆ ಮೊಟ್ಟೆಯೊಡೆದು ಬಂದ ಮರಿಯ ಮೈಮೇಲೆ ತುಪ್ಪಳವೂ ಇರುವುದಿಲ್ಲ; ಸುಡುಬಿಸಿಲಲ್ಲಿ ತಾಯಿಯೋ ತಂದೆಯೋ ಗೂಡಿನ ಮೇಲೆ ನಿಂತು ನೆರಳು ಕೊಡಬೇಕು. ಡ್ರೋನ್ ಹಾರಿಸಿ, ಪಟಾಕಿ ಹೊಡೆದು ಅವನ್ನು ಎಬ್ಬಿಸಿದರೆ ಮರಿ ಬಿಸಿಲಿಗೆ ಬಿದ್ದಂತೆ.

ಪ್ರೀತಿಯಿಂದ ಪುರಿ, ಬ್ರೆಡ್ ಹಾಕುವವರೂ ಇದ್ದಾರೆ. ಅದಕ್ಕೆ ಕಾಗೆ, ನಾಯಿಗಳೇ ಸೇರುತ್ತವೆ, ಗೂಡುಗಳ ಪಕ್ಕದಲ್ಲೇ ಬೀಡುಬಿಡುತ್ತವೆ.

ಪ್ರತಿ ಜನವರಿಯ ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ನಡೆದುಬಂದಿದೆ. ಅಲ್ಲಿ ಜಾತಿ, ಸಂಖ್ಯೆಗಳೇ ಮುಖ್ಯ. ನಾನು ಕತ್ತುಗಳ ಲೆಕ್ಕವನ್ನು ಪಕ್ಕದ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಆದರೆ ಹಕ್ಕಿಗಳಿಗೆ ನಿಜವಾಗಿ ಇಕ್ಕಟ್ಟಾಗುವುದು ಬೇಸಿಗೆಯಲ್ಲಿ. ನೀರು ಇಳಿದಂತೆ ದಡ ಮತ್ತು ನಡುಗಡ್ಡೆಯ ನಡುವಿನ ಅಂತರ ಕಿರಿದಾಗುತ್ತದೆ, ಗೂಡಿನಲ್ಲಿ ಇನ್ನೂ ಮರಿಗಳಿರುತ್ತವೆ. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ನಡುಗಡ್ಡೆಗೆ ಎದುರಾಗಿರುವ ದಡಕ್ಕೆ ಯಾರೂ ಇಳಿಯದಂತೆ, ನಾಯಿ ನುಗ್ಗದಂತೆ ಬೇಲಿ ಬೇಕು, ಹಾದಿಯನ್ನು ಮುಚ್ಚಬೇಕಾಗಿಲ್ಲ.